ಮಾತ್ರೆ ಹೆಚ್ಚಾದ ಮೇಲೆ ಮೂತ್ರ ಕಪ್ಪಾದರೆ

ಶಿರಸಿಯಿಂದ ಕೇಳಿರುವ ಸಹೋದರರೇ, ಒಲಾಂಜಪಿನ್ ಎಂಬ ಮನೋರೋಗದ ಮಾತ್ರೆಗಳನ್ನು ಒಟ್ಟಿಗೆ ನುಂಗಿ ರಾತ್ರಿಯಿಡೀ ಎಚ್ಚರವಿಲ್ಲದೆ ಬಿದ್ದಿದ್ದ ನಿಮ್ಮ ತಮ್ಮನಿಗೆ ಈಗ ತೊಡೆನೋವಿದ್ದು, ಮೂತ್ರವು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿರುವುದು ಬರೀ ಉಷ್ಣವೇ ಎಂದು ಕೇಳಿದ್ದೀರಿ. ಹಾಗೆಂದು ಭಾವಿಸಿ ಎಳನೀರು ಕುಡಿಸುತ್ತ ಕಾಯಬೇಡಿ; 108ಕ್ಕೆ ಕರೆಮಾಡಿ ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದಿದ್ದ ಒತ್ತಡದಿಂದಲೂ ಕೆಲವೊಮ್ಮೆ ಔಷಧದಿಂದಲೂ ಸ್ನಾಯುಕೋಶಗಳು ಒಡೆದಾಗ, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ, ಮೂತ್ರವನ್ನು ಕಪ್ಪಾಗಿಸಿ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಒಡೆದ ಕೋಶಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೂ ತಪ್ಪಬಹುದು (ಎಳನೀರಿನಲ್ಲಿರುವುದೂ ಅದೇ ಪೊಟ್ಯಾಸಿಯಂ). ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ (ಸ್ನಾಯು ಒಡೆದಾಗ ಹೊರಬರುವ ಕಿಣ್ವ) ಸಾಮಾನ್ಯ ಮಿತಿಯ ಐದು ಪಟ್ಟು ದಾಟಿದ್ದರೆ ಸ್ನಾಯುಹಾನಿ ಬಹುತೇಕ ಖಚಿತ. ಅದು 24ರಿಂದ 72 ಗಂಟೆಗಳಲ್ಲಿ ಗರಿಷ್ಠಕ್ಕೇರುವುದರಿಂದ ಪರೀಕ್ಷೆಯನ್ನು ಮರಳಿ ಮಾಡಬೇಕಾಗುತ್ತದೆ. ಬೇಗನೆ ರಕ್ತನಾಳದ ಮೂಲಕ ಸಲೈನ್ ಕೊಟ್ಟರೆ ಮೂತ್ರಪಿಂಡಗಳು ಉಳಿಯುವ ಸಾಧ್ಯತೆ ಹೆಚ್ಚು. ಜ್ವರ ಅಥವಾ ಮೈಬಿಗಿತವಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ನುಂಗಿದ ಮಾತ್ರೆಗಳ ಲೆಕ್ಕವನ್ನು ಸಂಕೋಚದಿಂದ ಮುಚ್ಚಿಡದೆ, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ವೈದ್ಯರ ಕೈಗೆ ಕೊಡಿ.