ಮಂಡಿ ನೋವಿನ ಮಾತ್ರೆಯಿಂದ ಹೊಟ್ಟೆ ಉರಿ: ಮಾತ್ರೆ ಬಿಡಬೇಕೋ, ಇಂಜೆಕ್ಷನ್‌ಗೆ ಹೋಗಬೇಕೋ?

ನೀವು ಬರೆದದ್ದನ್ನು ಒಮ್ಮೆ ಒಟ್ಟು ಮಾಡುತ್ತೇನೆ. ಮೂಡಿಗೆರೆ ಕಡೆ ತೋಟದ ಮನೆಯಲ್ಲಿರುವ ನಿಮ್ಮ ತಾಯಿಗೆ 63 ವರ್ಷ, ಎರಡೂ ಮಂಡಿ ಸವೆದಿವೆ. ಮೂರು ತಿಂಗಳಿಂದ ಎಸಿಕ್ಲೋಫೆನಾಕ್–ಪ್ಯಾರಾಸಿಟಮಾಲ್ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಈಗ ಮೇಲ್ಹೊಟ್ಟೆ ಉರಿ, ಊಟ ಸೇರುತ್ತಿಲ್ಲ. ಬೆಳಗಿನ ಕಾಫಿ ಜೊತೆ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಕೊಟ್ಟರೂ ಕಡಿಮೆಯಿಲ್ಲ, ಜೆಲುಸಿಲ್ ಕುಡಿದರೆ ಸ್ವಲ್ಪ ಹೊತ್ತು ಆರಾಮ. ಬಿ.ಪಿ. ಮಾತ್ರೆಯೂ ನಡೆಯುತ್ತಿದೆ. ಮಾತ್ರೆ ಬಿಟ್ಟು ಇಂಜೆಕ್ಷನ್ ಹಾಕಿಸಿದರೆ ಹೊಟ್ಟೆ ಉಳಿಯುತ್ತದೆಯೇ ಎನ್ನುವುದು ನಿಮ್ಮ ಪ್ರಶ್ನೆ. ನಾನು ಚಿಕ್ಕಮಗಳೂರಿನಲ್ಲಿ ಫಾರ್ಮಸಿಸ್ಟ್, ಡಾಕ್ಟರಲ್ಲ. ಔಷಧಿ ಬದಲಾಯಿಸುವ ಮಾತು ಬಂದಲ್ಲೆಲ್ಲ ಅವರನ್ನು ಕೇಳಿಯೇ ಮಾಡಿ.

ಉಳಿದದ್ದೆಲ್ಲ ಆಮೇಲೆ, ಮೊದಲು ಮಲದ ಬಣ್ಣ ಕೇಳಿ. ತಾಯಂದಿರು ತಾವಾಗಿ ಹೇಳುವುದಿಲ್ಲ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ಕೆಟ್ಟ ವಾಸನೆಯಿಂದ ಹೋಗುತ್ತಿದ್ದರೆ ಮೇಲೆ ಎಲ್ಲೋ ರಕ್ತ ಸೋರುತ್ತಿದೆ ಎಂದರ್ಥ. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಅದು ಗಟ್ಟಿಯಾಗಿರುತ್ತದೆ, ಅಂಟುವುದಿಲ್ಲ, ಆ ನಾತವಿರುವುದಿಲ್ಲ. ವಾಂತಿಯಲ್ಲಿ ಫಿಲ್ಟರಿನಲ್ಲಿ ಉಳಿದ ಕಾಫಿಪುಡಿಯಂಥ ಕಪ್ಪು ಚೂರು ಬಂದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಹೊಟ್ಟೆ ಹಲಗೆಯಂತೆ ಬಿಗಿದು ಸಹಿಸಲಾಗದ ನೋವು ಬಂದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಆ ರಸ್ತೆಗಳು ಹೇಗಿರುತ್ತವೆ ನಿಮಗೇ ಗೊತ್ತು, ಅರ್ಧ ದಿನ ತಡವಾದರೆ ದುಬಾರಿಯಾಗುತ್ತದೆ.

ಇನ್ನು ಇಂಜೆಕ್ಷನ್ ಹಾಕಿಸಿದರೆ ಹೊಟ್ಟೆ ಉಳಿಯುತ್ತದೆಯೇ? ಉಳಿಯುವುದಿಲ್ಲ. ಮಾತ್ರೆ ಹೊಟ್ಟೆಯ ಗೋಡೆಗೆ ತಾಗಿ ಸುಡುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ, ಆದರೆ ಹುಣ್ಣು ಮಾಡುವ ದೊಡ್ಡ ಕೆಲಸ ನಡೆಯುವುದು ರಕ್ತದ ಮೂಲಕ. ನೋವು, ಊತ ತರುವ ಪ್ರೊಸ್ಟಾಗ್ಲಾಂಡಿನ್ ಎನ್ನುವ ವಸ್ತುವನ್ನು ಈ ಔಷಧಿಗಳು ತಡೆಯುತ್ತವೆ. ಅದೇ ವಸ್ತು ಜಠರದಲ್ಲಿ ಲೋಳೆಯ ಪದರವನ್ನೂ ಆಮ್ಲವನ್ನು ತಣಿಸುವ ಬೈಕಾರ್ಬನೇಟನ್ನೂ ಹುಟ್ಟಿಸಿ, ಗೋಡೆಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಮಂಡಿಯಲ್ಲಿ ಬೇಡವಾದದ್ದನ್ನು ನಿಲ್ಲಿಸಲು ಹೋಗಿ ಹೊಟ್ಟೆಯಲ್ಲಿ ಬೇಕಾದದ್ದನ್ನೂ ನಿಲ್ಲಿಸಿದಂತಾಯಿತು. ಡೈಕ್ಲೋಫೆನಾಕ್ ಸೊಂಟಕ್ಕೆ ಚುಚ್ಚಿದರೂ ಹೋಗಿ ಸೇರುವುದು ಅದೇ ರಕ್ತಕ್ಕೆ.

ಇದು ಅರ್ಥವಾದರೆ ಮನೆಯ ಉಪಾಯಗಳು ಎಲ್ಲಿಯವರೆಗೆ ಎನ್ನುವುದೂ ತಿಳಿಯುತ್ತದೆ. ಊಟವಾದ ಮೇಲೆ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿದರೆ ಸಂಕಟ ಕಡಿಮೆ, ಹಾಗೆಯೇ ಮಾಡಿ. ಮಜ್ಜಿಗೆ, ಜೀರಿಗೆ ನೀರು ಕುಡಿಯಲಿ, ಅಡ್ಡಿಯಿಲ್ಲ. ಹುಣ್ಣಾಗುವುದನ್ನು ಇವು ತಡೆಯುವುದಿಲ್ಲ. ಜೆಲುಸಿಲ್ ಕೂಡ ಇರುವ ಆಮ್ಲವನ್ನು ಆ ಹೊತ್ತಿಗೆ ತಣಿಸುತ್ತದೆ, ಅಷ್ಟೆ. ಉರಿ ಹೋಯಿತೆಂದು ಮಾತ್ರೆ ಮುಂದುವರಿಸುವುದೇ ಇದರ ಅಪಾಯ, ಏಕೆಂದರೆ ವಯಸ್ಸಾದವರಲ್ಲಿ ಉರಿಯೇ ಇಲ್ಲದೆ ನೇರವಾಗಿ ರಕ್ತ ಸೋರುವುದೂ ಉಂಟು.

ನಿಜವಾಗಿ ಕಾಪಾಡುವುದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಗುಂಪಿನ ಮಾತ್ರೆ. ಕೊಡುತ್ತಿದ್ದೀರಿ, ಹೊತ್ತು ತಪ್ಪಿದೆ. ತೋಟದ ಮನೆಗಳಲ್ಲಿ ಆರು ಗಂಟೆಗೆ ಹಾಲು ಹಾಕಿದ ಕಾಫಿ, ಕೆಲಸಕ್ಕೆ ಆಳುಗಳನ್ನು ಕಳಿಸಿ ಒಂಬತ್ತೂವರೆಗೆ ಕಡುಬೋ ಅಕ್ಕಿರೊಟ್ಟಿಯೋ. ಈ ಮಾತ್ರೆ ರಕ್ತದಲ್ಲಿ ಜೋರಾಗಿರುವುದು ಒಂದೆರಡು ಗಂಟೆ ಮಾತ್ರ. ಜಠರದ ಆಮ್ಲದ ಪಂಪುಗಳು ಎಚ್ಚೆತ್ತು ಕೆಲಸಕ್ಕಿಳಿದಾಗಲೇ ಇದು ಅವನ್ನು ಹಿಡಿದು ಕಟ್ಟಬಲ್ಲದು, ಮತ್ತು ಅವು ಹೆಚ್ಚಾಗಿ ಏಳುವುದು ತಿಂಡಿ ಒಳಗೆ ಹೋದಾಗ. ಆರಕ್ಕೆ ಕಾಫಿ ಜೊತೆ ನುಂಗಿದ್ದು ಒಂಬತ್ತೂವರೆಯ ಹೊತ್ತಿಗೆ ಬಹುಪಾಲು ಖಾಲಿ. ಹಾಗಾಗಿ ತಿಂಡಿಗೆ 30ರಿಂದ 45 ನಿಮಿಷ ಮುಂಚೆ, ಬರೀ ನೀರಿನ ಜೊತೆ ಕೊಡಿ. ಅಗಿಯಬಾರದು, ಮುರಿಯಬಾರದು, ಮೇಲಿನ ಲೇಪ ಹೋದರೆ ಆಮ್ಲದಲ್ಲೇ ಕರಗಿ ಹಾಳಾಗುತ್ತದೆ. ಪೂರ್ತಿ ಗುಣ ಕಾಣಲು ಮೂರರಿಂದ ಐದು ದಿನ ಬೇಕು, ಉರಿ ಬಂದಾಗ ಮಾತ್ರ ನುಂಗುವ ಮಾತ್ರೆಯಲ್ಲ ಇದು.

ಮಾತ್ರೆಯ ಪಟ್ಟಿಯ ಹಿಂದೆ ಏನು ಬರೆದಿದೆ ಓದಿ. ಬರೀ ‘ಪ್ಯಾಂಟೊಪ್ರಜೋಲ್ 40’ ಇದ್ದರೆ ಸಾಕು. ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಇದ್ದರೆ ಅದರಲ್ಲಿ ಡೊಂಪೆರಿಡೋನ್ ಕೂಡ ಇರುತ್ತದೆ. ಅದು ವಾಕರಿಕೆಗೆ. 60 ದಾಟಿದವರಿಗೆ ತಿಂಗಳುಗಟ್ಟಲೆ ಕೊಡುವಂಥದ್ದಲ್ಲ, ಹೃದಯದ ಬಡಿತ ಏರುಪೇರಾಗಬಹುದು. ನಮ್ಮ ಕಡೆ ಇದನ್ನು ಪೆಪ್ಪರ್‌ಮಿಂಟಿನ ಹಾಗೆ ಕೊಳ್ಳುತ್ತಾರೆ, ನನಗಂತೂ ಸರಿಕಾಣುವುದಿಲ್ಲ.

ಆಮೇಲೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಯಿರಿ. ಮೂಳೆ ಡಾಕ್ಟರು ಎಸಿಕ್ಲೋಫೆನಾಕ್ ಬರೆದಿರುತ್ತಾರೆ, ತಲೆನೋವಿಗೆಂದು ಕಾಂಬಿಫ್ಲಾಮ್ ಇರುತ್ತದೆ. ಅದರಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ ಇದೆ. ಎರಡೂ ಒಂದೇ ಜಾತಿ. ನೋವು ಎರಡು ಪಟ್ಟು ಇಳಿಯುವುದಿಲ್ಲ, ಹುಣ್ಣಿನ ಅಪಾಯ ಮಾತ್ರ ಏರುತ್ತದೆ. ಹೃದಯಕ್ಕೆಂದು ಇಕೊಸ್ಪ್ರಿನ್ 75 (ಆಸ್ಪಿರಿನ್), ಕ್ಲೊಪಿಡೋಗ್ರೆಲ್, ದಮ್ಮಿಗೋ ಕೀಲಿಗೋ ಸ್ಟೀರಾಯ್ಡ್, ನಿದ್ದೆ–ಆತಂಕಕ್ಕೆ ಎಸ್ಸಿಟಾಲೊಪ್ರಾಮ್ ಇದ್ದರೆ ಅಪಾಯ ಇನ್ನೂ ಹೆಚ್ಚು. ಹಾಗೆಂದು ಇವುಗಳಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಕ್ಲೊಪಿಡೋಗ್ರೆಲ್ ಇದ್ದವರಿಗೆ ಒಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಒಳ್ಳೆಯದು. ಬಿ.ಪಿ. ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಇದೆಯೇ ನೋಡಿ: ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೋಗಿಸುವ ಔಷಧಿ ಸೇರಿರುತ್ತದೆ. ಇವೆರಡರ ಜೊತೆಗೆ ನೋವಿನ ಮಾತ್ರೆಯೂ ಸೇರಿದರೆ ಕಿಡ್ನಿಗೆ ಪೆಟ್ಟು. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಒಮ್ಮೆ ನೋಡಿಸಿ, ವಾಂತಿ–ಭೇದಿ ಇರುವ ದಿನಗಳಲ್ಲಿ ನೋವಿನ ಮಾತ್ರೆ ಮುಟ್ಟಲೇಬೇಡಿ.

ಸದ್ಯಕ್ಕೆ ಏನು ಮಾಡಬೇಕು? ಹೊಟ್ಟೆ ಇಷ್ಟು ಕೆಟ್ಟಿರುವಾಗ ಎಸಿಕ್ಲೋಫೆನಾಕ್ ನಿಲ್ಲಿಸುವುದೇ ಸರಿ. ಸ್ಟೀರಾಯ್ಡಿನಂತೆ ಹಂತಹಂತವಾಗಿ ಇಳಿಸಬೇಕಾಗಿಲ್ಲ, ಇಂದೇ ಬಿಡಬಹುದು. ಅದರ ಜಾಗಕ್ಕೆ ಬರೀ ಪ್ಯಾರಾಸಿಟಮಾಲ್ 650, ದಿನಕ್ಕೆ ಮೂರರ ತನಕ. ಲಿವರ್ ತೊಂದರೆ ಇದ್ದರೆ ಕೇಳಿ ಕೊಡಿ. ಮಂಡಿಗೆ ಇದು ಅಷ್ಟಕ್ಕಷ್ಟೇ, ಮುಚ್ಚಿಡುವುದಿಲ್ಲ. ಇದಕ್ಕಿಂತ ಉಪಯೋಗವಾಗುವುದು ಡೈಕ್ಲೋಫೆನಾಕ್ ಜೆಲ್. ‘ಹಚ್ಚಿದೆವು, ಏನೂ ಆಗಲಿಲ್ಲ’ ಎನ್ನುವವರು ಹಚ್ಚಿರುವುದು ಕಡಲೆಕಾಳಿನಷ್ಟು. ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ ಬೇಕು, ಅಂದರೆ 30 ಗ್ರಾಂ ಟ್ಯೂಬು ಏಳು ಸಲಕ್ಕೆ ಮುಗಿಯಬೇಕು. ದಿನಕ್ಕೆ ಮೂರು ಸಲ, ಮಂಡಿಯ ಚಿಪ್ಪಿನ ಸುತ್ತ ಮತ್ತು ಎರಡೂ ಪಕ್ಕಕ್ಕೆ, ಹಿಂದಕ್ಕೂ ಸ್ವಲ್ಪ. ತಿಕ್ಕಿ ತಿಕ್ಕಿ ಬಿಸಿ ಮಾಡಬೇಡಿ, ಮೇಲೆ ಬಿಗಿ ಪಟ್ಟಿ ಕಟ್ಟಬೇಡಿ, ಹಚ್ಚಿದ ಕೂಡಲೇ ಶಾಖ ಕೊಡಬೇಡಿ. ಎರಡು ವಾರ ಬಿಡದೆ ಹಚ್ಚಿ ಆಮೇಲೆ ತೀರ್ಮಾನಿಸಿ. ಮಾತ್ರೆಯಿಂದ ರಕ್ತಕ್ಕೆ ಸೇರುವುದರಲ್ಲಿ ನೂರಕ್ಕೆ ಆರರಷ್ಟು ಮಾತ್ರ ಜೆಲ್‌ನಿಂದ ಸೇರುತ್ತದೆ, ಹೊಟ್ಟೆ ಉಳಿಯುವುದು ಇದರಿಂದಲೇ. ಎರಡೂ ಮಂಡಿಗೆ ಖರ್ಚು ಜಾಸ್ತಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ವ್ಯಾಯಾಮ ಬಾಯಿಮಾತಿಗೆ ಹೇಳುವುದಲ್ಲ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸಿ ಇಳಿಸಬೇಕು; ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಕುಕ್ಕರುಗಾಲು ನಿಲ್ಲಿಸಿ, ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ.

ಪ್ಯಾಂಟೊಪ್ರಜೋಲ್ ಸರಿಯಾಗಿ ಕೊಟ್ಟು ನೋಡೋಣ ಎಂದು ತಿಂಗಳು ಕಾಯಲೂಬೇಡಿ. 60 ದಾಟಿದವರಿಗೆ ಹೊಸದಾಗಿ ಶುರುವಾದ ಹೊಟ್ಟೆ ಉರಿ, ಅದರ ಜೊತೆ ಊಟ ಸೇರದಿರುವುದು, ಇವೆರಡಿದ್ದರೆ ಎಂಡೋಸ್ಕೋಪಿ ಮಾಡಿಸುವುದು ಒಳ್ಳೆಯದು. ತೂಕ ಇಳಿದಿದ್ದರೆ, ಹಿಮೋಗ್ಲೋಬಿನ್ ಕಡಿಮೆ ಬಂದಿದ್ದರೆ ಯೋಚಿಸುವುದೇ ಬೇಡ. ಚಿಕ್ಕಮಗಳೂರಿನಲ್ಲಿ ಆಗದಿದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಕೇಳಿ. ಎಚ್. ಪೈಲೋರಿ ಎನ್ನುವ ಬ್ಯಾಕ್ಟೀರಿಯಾ ಇದೆಯೇ ಎಂದೂ ನೋಡಿಸಿ. ಅದೂ ಇದ್ದು ನೋವಿನ ಮಾತ್ರೆಯೂ ಇದ್ದರೆ ಹುಣ್ಣು ಬೇಗ ಆಗುತ್ತದೆ, ಆಂಟಿಬಯಾಟಿಕ್ ಕೋರ್ಸಿನಿಂದ ಅದು ಹೋಗುತ್ತದೆ. ಪ್ಯಾಂಟೊಪ್ರಜೋಲ್ ನುಂಗುತ್ತಿರುವಾಗ ಇದರ ಪರೀಕ್ಷೆ ಸುಳ್ಳಾಗಿ ‘ಇಲ್ಲ’ ಎಂದು ಬರಬಹುದು, ಎರಡು ವಾರ ಬಿಟ್ಟು ಮಾಡಬೇಕಾಗುತ್ತದೆ. ಯಾವಾಗ ಬಿಡುವುದೆಂದು ಡಾಕ್ಟರನ್ನೇ ಕೇಳಿ.

ಹೊಟ್ಟೆ ಸರಿಹೋದ ಮೇಲೂ ನೋವಿನ ಮಾತ್ರೆ ಬೇಕೇ ಬೇಕು ಎನಿಸಿದರೆ ಡಾಕ್ಟರು ಎಟೊರಿಕಾಕ್ಸಿಬ್ ಅಥವಾ ಸೆಲೆಕಾಕ್ಸಿಬ್ ಹೇಳಬಹುದು. ಹೊಟ್ಟೆಗೆ ಇವು ಮೃದು, ಹೃದಯಕ್ಕಲ್ಲ. ಇದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತದ ಕಾರಣಕ್ಕೇ 2004ರಲ್ಲಿ ಮಾರುಕಟ್ಟೆಯಿಂದ ಹೋಯಿತು. ನಿಮ್ಮ ತಾಯಿಯ ಬಿ.ಪಿ. 140/90ರ ಮೇಲೇ ನಿಂತಿದ್ದರೆ ಎಟೊರಿಕಾಕ್ಸಿಬ್ ಬೇಡ. ಇಕೊಸ್ಪ್ರಿನ್ ಜೊತೆ ಸೇರಿದರೆ ಹೊಟ್ಟೆಗೆ ಮೃದು ಎನ್ನುವ ಲಾಭವೂ ಬಹುಪಾಲು ಹೋಗುತ್ತದೆ. ಯಾವುದನ್ನೇ ಕೊಟ್ಟರೂ ಕೊಯ್ಲಿನ ತಿಂಗಳುಗಳಲ್ಲಿ ಓಡಾಟ ಹೆಚ್ಚಿದ್ದಾಗ ಕೆಲವು ದಿನ, ಉಳಿದಂತೆ ಇಲ್ಲ, ಹೀಗಿರಲಿ. ನಾಟಿ ಪುಡಿ ಎಂದು ಲೇಬಲ್ಲಿಲ್ಲದ ಪೊಟ್ಟಣ ಯಾರಾದರೂ ಕೊಟ್ಟು ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡಬೇಡಿ, ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆಯಿದೆ.

ಇನ್ನೊಂದು. ಬೆಳಿಗ್ಗೆ ಎದ್ದಾಗ ಕೈಬೆರಳ ಗಿಣ್ಣುಗಳು ಊದಿ, ಅರ್ಧ ಗಂಟೆ ಕಳೆದರೂ ಮುಷ್ಟಿ ಕಟ್ಟಲು ಬರುವುದಿಲ್ಲವೇ ಎಂದು ಕೇಳಿ. ಹೌದೆಂದರೆ ಅದು ಬರೀ ಸವೆತವಲ್ಲ, ರುಮಟಾಯ್ಡ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳನ್ನು ಊದಿಸುವ ಸಂಧಿವಾತ) ಇರಬಹುದು, ಆರ್.ಎ. ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಎನ್ನುವ ರಕ್ತ ಪರೀಕ್ಷೆ ಬೇಕು. ಅಲ್ಲಿ ನೋವಿನ ಮಾತ್ರೆ ಬರೀ ಊರುಗೋಲು, ಮುಖ್ಯ ಔಷಧಿ ಮೆಥೋಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ದಿನಾ ಎಂದು ತಪ್ಪು ತಿಳಿದು ನುಂಗಿದರೆ ಪ್ರಾಣಕ್ಕೇ ಬರುತ್ತದೆ, ಆದ್ದರಿಂದ ನುಂಗಬೇಕಾದ ಆ ದಿನದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಹೊದಿಕೆಯ ಮೇಲೆ ಬರೆಸಿಕೊಳ್ಳಿ.