ಖಗೋಳ ಭೌತವಿಜ್ಞಾನ ಓದಲು ಸಾಲ ಮಾಡಬೇಕೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದಾಳೆ. ಮುಂದೆ ಓದಿದರೆ ಖಗೋಳ ಭೌತವಿಜ್ಞಾನವನ್ನೇ ಓದುತ್ತೇನೆ ಎನ್ನುತ್ತಾಳೆ. ಆ ಹೆಸರಿನ ಪದವಿ ಕೊಡುವ ಖಾಸಗಿ ವಿಶ್ವವಿದ್ಯಾಲಯವೊಂದನ್ನು ವಿಚಾರಿಸಿದೆವು. ಅಲ್ಲಿನ ಖರ್ಚು ನಮ್ಮಂಥ ರೈತ ಕುಟುಂಬಕ್ಕೆ ಸಾಲವಿಲ್ಲದೆ ನಿಭಾಯಿಸುವಂಥದ್ದಲ್ಲ. ಸಾಲ ಮಾಡಿಯಾದರೂ ಸೇರಿಸಬೇಕೇ? ಜರ್ಮನಿಯಲ್ಲಿ ಶುಲ್ಕವೇ ಇಲ್ಲ ಎನ್ನುವುದು ನಿಜವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಪದವಿಯ ಹೆಸರಿಗಾಗಿ ಸಾಲ ಮಾಡಬೇಡಿ. ಈ ಕ್ಷೇತ್ರದ ಸಂಶೋಧನಾ ಸಂಸ್ಥೆಗಳು ಬಿ.ಎಸ್ಸಿ. ಪದವಿಯಲ್ಲಿ ಖಗೋಳ ಎಂಬ ಮಾತು ಇದೆಯೇ ಎಂದು ನೋಡುವುದಿಲ್ಲ. ಎಂ.ಎಸ್ಸಿ. ಮತ್ತು ಪಿಎಚ್.ಡಿ. ಹಂತಕ್ಕೆ ಸೇರಲು ಬರೆಯುವ ಜಾಮ್ ಮತ್ತು ಜೆಸ್ಟ್ ಪ್ರವೇಶ ಪರೀಕ್ಷೆಗಳಲ್ಲಿ ಅವು ಅಳೆಯುವುದು ಯಂತ್ರಶಾಸ್ತ್ರ, ವಿದ್ಯುತ್ಕಾಂತತೆ, ಕ್ವಾಂಟಂ ಭೌತಶಾಸ್ತ್ರ ಮತ್ತು ಗಣಿತದಲ್ಲಿ ವಿದ್ಯಾರ್ಥಿಗಿರುವ ಹಿಡಿತವನ್ನು.

ಇದಕ್ಕೆ ಕಾರಣ ಆ ಕೆಲಸದ ಸ್ವರೂಪದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಹಾಗೆ ದೊರೆತ ಒಂದು ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ, 656.3 ನ್ಯಾನೊಮೀಟರ್‌ನಲ್ಲಿ ಇರಬೇಕಾದ ಹೈಡ್ರೋಜನ್ ಗೆರೆ ಎಷ್ಟು ಸರಿದಿದೆ ಎಂದು ಅಳೆದರೆ ಆ ನಕ್ಷತ್ರ ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಎಷ್ಟು ವೇಗದಲ್ಲಿ ಎಂಬುದು ತಿಳಿಯುತ್ತದೆ. ಆ ಗೆರೆ ಅಲ್ಲೇ ಏಕೆ ಇರಬೇಕೆಂದು ಹೇಳುವುದು ಕ್ವಾಂಟಂ ಭೌತಶಾಸ್ತ್ರ. ಅಳತೆಯಲ್ಲಿನ ದೋಷವನ್ನು ಲೆಕ್ಕ ಹಾಕಲು ಸಂಖ್ಯಾಶಾಸ್ತ್ರ ಬೇಕು, ಇಡೀ ಕೆಲಸವನ್ನು ಮಾಡಿ ಮುಗಿಸಲು ಕಂಪ್ಯೂಟರ್ ಪ್ರೋಗ್ರಾಮಿಂಗ್ ಬೇಕು. ಇವನ್ನು ಚೆನ್ನಾಗಿ ಕಲಿಸುವ ಜಾಗವೇ ನಿಮ್ಮ ಮಗಳಿಗೆ ಸರಿಯಾದ ಜಾಗ.

ನಿಮಗೆ ಹತ್ತಿರದ ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಂಥ ಕಡೆ ಭೌತಶಾಸ್ತ್ರದ ಜೊತೆ ಗಣಿತ ಇರುವ ಬಿ.ಎಸ್ಸಿ. ವಿಚಾರಿಸಿ. ಯಾವ ಕಾಲೇಜೇ ಆಗಲಿ, ಸೇರುವ ಮುನ್ನ ಒಮ್ಮೆ ಅವಳನ್ನು ಕರೆದುಕೊಂಡು ಹೋಗಿ ಪ್ರಯೋಗಾಲಯ ನೋಡಿ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಮೇಜಿನ ಮೇಲಿದೆಯೋ ಬೀರುವಿನಲ್ಲಿ ಬೀಗ ಹಾಕಿಕೊಂಡಿದೆಯೋ ಗಮನಿಸಿ, ಕಳೆದ ವರ್ಷಗಳಲ್ಲಿ ಯಾರಾದರೂ ಜಾಮ್ ಪಾಸಾಗಿದ್ದಾರೆಯೇ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಸರ್ಕಾರಿ ಕಾಲೇಜುಗಳಲ್ಲಿ ಎಷ್ಟೋ ಸಲ ಶುಲ್ಕಕ್ಕಿಂತ ಹಾಸ್ಟೆಲ್ ಖರ್ಚೇ ಹೆಚ್ಚಾಗುವುದರಿಂದ ಅದನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದರ ಜೊತೆಗೆ, ಪಿಯುಸಿ ಮುಗಿದ ಮೇಲೆ ಸೇರಬಹುದಾದ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯನ್ನೂ, ಅಂಥದ್ದೇ ಸಂಸ್ಥೆಯಾದ ಭುವನೇಶ್ವರದ ನೈಸರ್‌ಗಾಗಿ ನೆಸ್ಟ್ ಪರೀಕ್ಷೆಯನ್ನೂ ಅವಳು ಬರೆಯಲಿ. ಐಸರ್‌ಗಳ ಶುಲ್ಕ ಸರ್ಕಾರಿ ಪದವಿ ಕಾಲೇಜಿನಷ್ಟು ಕಡಿಮೆಯಲ್ಲ, ಆದರೆ ವಿದ್ಯಾರ್ಥಿವೇತನದ ಅವಕಾಶಗಳಿವೆ. ತನ್ನ ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಇರುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನವು, ಬೇಸಿಗೆ ಯೋಜನೆಯ ಮೊತ್ತವೂ ಸೇರಿ, ವರ್ಷಕ್ಕೆ 80,000 ರೂಪಾಯಿ. ಫಲಿತಾಂಶ ಬಂದ ಕೂಡಲೇ ಆ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಿ.

ಖಗೋಳ ಎಂಬ ಹೆಸರನ್ನು ಸ್ನಾತಕೋತ್ತರ ಹಂತದಲ್ಲಿ ಹುಡುಕಿದರೆ ಸಾಕು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಹಳೆಯ ಖಗೋಳ ವಿಭಾಗವಿದೆ, ಐಐಟಿ ಇಂದೋರ್‌ನಲ್ಲೂ ಪ್ರತ್ಯೇಕ ವಿಭಾಗವಿದೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೊದಲು ಪ್ರಯತ್ನಿಸಬೇಕಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೆ, ಎಂದರೆ ಸ್ನಾತಕೋತ್ತರ ಓದು ಮತ್ತು ಪಿಎಚ್.ಡಿ. ಒಟ್ಟಿಗೇ ಇರುವ ವ್ಯಾಸಂಗಕ್ಕೆ. ಬಿ.ಎಸ್ಸಿ. ಮುಗಿದ ಮೇಲೆ ಜಾಮ್ ಮೂಲಕ ಸೇರಬಹುದಾದ ಈ ವ್ಯಾಸಂಗಕ್ಕೆ ಶಿಷ್ಯವೇತನ ಸಿಗುತ್ತದೆ. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೋಗುವವರಿಗೂ ಹಣದ ಚಿಂತೆ ಕಡಿಮೆ, ಏಕೆಂದರೆ 2023ರಿಂದ ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಅಂದರೆ ಸಂಯೋಜಿತ ಪಿಎಚ್.ಡಿ. ಸಿಕ್ಕರೆ ನೀವು ಭರಿಸಬೇಕಾದದ್ದು ಮುಖ್ಯವಾಗಿ ಬಿ.ಎಸ್ಸಿ.ಯ ಮೊದಲ ಮೂರು ವರ್ಷಗಳನ್ನು. ಆ ಮೂರು ವರ್ಷಗಳಲ್ಲೇ ಮನೆಯ ಉಳಿತಾಯವೆಲ್ಲ ಕರಗಿದರೆ ಮುಂದಿನ ಹಾದಿಯಲ್ಲಿ ಅವಳಿಗೆ ಆಸರೆ ಇಲ್ಲದಂತಾಗುತ್ತದೆ.

ಜರ್ಮನಿಯ ವಿಷಯದಲ್ಲಿ ನೀವು ಕೇಳಿದ್ದು ಬಹುಮಟ್ಟಿಗೆ ನಿಜ. ಬಾನ್ ವಿಶ್ವವಿದ್ಯಾಲಯದಲ್ಲಿ ಖಗೋಳ ಭೌತವಿಜ್ಞಾನದ ಸ್ನಾತಕೋತ್ತರ ವ್ಯಾಸಂಗ ಇಂಗ್ಲಿಷ್‌ನಲ್ಲಿದೆ, ಬೋಧನಾ ಶುಲ್ಕವಿಲ್ಲ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಾದರೆ ನಮ್ಮಂಥ ಹೊರದೇಶದವರು ಸೆಮಿಸ್ಟರ್‌ಗೆ 1,500 ಯೂರೊ ಕೊಡಬೇಕು. ಆದರೆ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೊ, ಎಂದರೆ 10 ಲಕ್ಷ ರೂಪಾಯಿಗೂ ಹೆಚ್ಚು ಹಣವನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಮುಂಚಿತವಾಗಿ ತೋರಿಸಬೇಕಾಗುತ್ತದೆ, ಮತ್ತು ಅಲ್ಲಿ ಪದವಿ ಹಂತದ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಆದ್ದರಿಂದ ಆ ಯೋಚನೆಯನ್ನು ಬಿ.ಎಸ್ಸಿ.ಯ ಕೊನೆಯ ವರ್ಷದವರೆಗೆ ಮುಂದೂಡಿ.

ಇನ್ನೊಂದು ಮಾತು. ಮೂರು ವರ್ಷಗಳಲ್ಲಿ ಅವಳ ಆಸಕ್ತಿ ಬೇರೆಡೆಗೆ ಹೊರಳಿದರೂ, ಭೌತಶಾಸ್ತ್ರ ಮತ್ತು ಗಣಿತದ ಪದವಿಯಿಂದ ಬಿ.ಇಡಿ., ಎಂ.ಎಸ್ಸಿ., ದತ್ತಾಂಶ ವಿಜ್ಞಾನ ಎಲ್ಲಕ್ಕೂ ದಾರಿ ತೆರೆದಿರುತ್ತದೆ. ಸದ್ಯಕ್ಕೆ ಅವಳು ಪಿಯುಸಿಯ ಗಣಿತವನ್ನು ಗಟ್ಟಿ ಮಾಡಿಕೊಳ್ಳಲಿ. ನೀವು ಐಸರ್ ಮತ್ತು ನೆಸ್ಟ್ ಪ್ರವೇಶ ಪರೀಕ್ಷೆಗಳ ಅರ್ಜಿಯ ಕೊನೆಯ ದಿನಾಂಕಗಳನ್ನು ಗುರುತು ಹಾಕಿಟ್ಟುಕೊಳ್ಳಿ.