ಇಂಟರ್ನೆಟ್‌ಗೂ ಯುಪಿಐ ಪಾವತಿಗೂ ಸರ್ಕಾರ ತೆರಿಗೆ ಹಾಕಬೇಕಾ?

ಇಂಟರ್ನೆಟ್‌ಗೆ ಈಗಲೇ ಇದೆ. 299 ರೂಪಾಯಿ ರೀಚಾರ್ಜ್ ಮಾಡಿದರೆ ಅದರಲ್ಲಿ 45 ರೂಪಾಯಿಗೂ ಜಾಸ್ತಿ ಜಿಎಸ್‌ಟಿಗೇ ಹೋಗುತ್ತದೆ (ಶೇ. 18). ಪಾವತಿಗೆ ಮಾತ್ರ ಬೇಡ ಅಂತೀನಿ. ಸರಕು ಮಾರಿದ್ದಕ್ಕೆ ತೆರಿಗೆ ಹಾಕುವುದು ಬೇರೆ, ಹಣ ಕೈ ಬದಲಿಸಿದ್ದಕ್ಕೆಲ್ಲ ಹಾಕುವುದು ಬೇರೆ.

ಕುಂಬಳೆ ಪೇಟೆಯಲ್ಲಿ 200 ರೂಪಾಯಿಯ ಬಂಗುಡೆ ತಗೊಂಡು ಸ್ಕ್ಯಾನ್ ಮಾಡಿದಿರಿ ಅನ್ನಿ. ಅದೇ ಹಣ ಮೀನಿನವರಿಂದ ಐಸಿನವರಿಗೆ, ಅಲ್ಲಿಂದ ರಿಕ್ಷಾದವರಿಗೆ. ಮೂರು ಸಲ ಕತ್ತರಿ! ಹಸಿ ಮೀನಿಗೆ ಜಿಎಸ್‌ಟಿಯೇ ಇಲ್ಲ, ಅಲ್ವಾ? ಆಮೇಲೆ ಕ್ಯೂಆರ್ ಬೋರ್ಡು ಬುಟ್ಟಿಯಡಿ ಸೇರುತ್ತದೆ, ಎಲ್ಲರೂ ನೋಟೇ ಕೇಳುತ್ತಾರೆ.

ಉಗಾಂಡಾ 2018ರಲ್ಲಿ ಮೊಬೈಲ್ ಹಣದ ವ್ಯವಹಾರಕ್ಕೆ ಶೇ. 1 ತೆರಿಗೆ ಹಾಕಿತ್ತು. ಜನ ಸಿಟ್ಟಾದರು. ಕೆಲವೇ ತಿಂಗಳಲ್ಲಿ ಶೇ. 0.5ಕ್ಕೆ ಇಳಿಸಬೇಕಾಯಿತು, ಅದೂ ಹಣ ತೆಗೆಯುವಾಗ ಮಾತ್ರ.